ಹೋಶೇಯನನ್ನು ತಕ್ಕಡಿಗೆ ಹಾಕಿ ಓದಿಸಿದೆ: ನನ್ನ ಅನುಭವ

ಬೈಬಲಿನ ಹಳೆ ಒಡಂಬಡಿಕೆಯಲ್ಲಿರುವ ಪ್ರವಾದಿ ಹೋಶೇಯನ ಪುಸ್ತಕ ಮನೆ ಪ್ರಾರ್ಥನೆಗೆ ಆಗಿಬರಲ್ಲ ಎಂದು ನಮ್ಮ ಚರ್ಚ್ ಸಭೆಯ ಹಿರಿಯರು ಹೇಳುತ್ತಲೇ ಬಂದಿದ್ದರು. ಮಕ್ಕಳು ಕೂತಿರುತ್ತಾರೆ, ಹೆಣ್ಣುಮಕ್ಕಳು ಕೂತಿರುತ್ತಾರೆ, ವ್ಯಭಿಚಾರದ ಮಾತು ಬಿಟ್ಟರೆ ಅದರಲ್ಲಿ ಏನಿದೆ ಎನ್ನುವುದು ಅವರ ವಾದ. ಈಗ ಗದಗ-ಬೆಟಗೇರಿ ಸುತ್ತಮುತ್ತ ನಾಲ್ಕೈದು ಸಭೆಯವರು ಫೋನ್ ಮಾಡಿ, "ಮಾಸ್ತರ್ರ, ಆ ತಕ್ಕಡಿ ಪಾಠ ನಮ್ಮಲ್ಲೂ ಒಮ್ಮೆ ಮಾಡ್ರಿ" ಅನ್ನುತ್ತಾರೆ. ಎಲ್ಲಾ ಕಡೆ ಹೋಗಲು ನನ್ನ ಮೊಣಕಾಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವ ನೀವು ಸಂಡೇ ಸ್ಕೂಲ್ ನಡೆಸುವವರೋ ಪ್ರಸಂಗ ಮಾಡುವವರೋ ಆಗಿರುತ್ತೀರಿ. ಹೋಶೇಯನನ್ನು ಬಿಟ್ಟುಹೋದ ಹೆಂಡತಿ ಗೋಮೆರಳ ಕಥೆ, ಮೂರು ಮಕ್ಕಳ ಹೆಸರು, ದೇವರನ್ನು ಬಿಟ್ಟು ಇಸ್ರಾಯೇಲ್ಯರು ಮಾಡಿದ ಬಾಳ್ ದೇವತೆಯ ಪೂಜೆ, ಇದೆಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಸೋತ ಕಥೆ. ಭಾನುವಾರ ಸಂಜೆಗೆ ಒಂದು ಅಧ್ಯಾಯದಂತೆ 14 ಅಧ್ಯಾಯವನ್ನೂ ಸಾಲಾಗಿ ಪ್ರಸಂಗ ಮಾಡಲು ಹೊರಟೆ. ಮೊದಲ ಮೂರು ವಾರ ಜನ ಚೆನ್ನಾಗಿಯೇ ಬಂದರು. ನಾಲ್ಕನೆಯ ಅಧ್ಯಾಯದಿಂದ ಬೈಗುಳ ಶುರುವಾಗುತ್ತದೆ ಅಲ್ವಾ? ಯಾಜಕರಿಗೆ ಬೈಗುಳ, ಅರಸರಿಗೆ ಬೈಗುಳ, ಸಮಾರ್ಯದಲ್ಲಿ ಪೂಜಿಸುತ್ತಿದ್ದ ಬಸವನ ಮೂರ್ತಿಗೆ ಬೈಗುಳ. ಎಂಟನೆಯದಕ್ಕೆ ಬರುವಷ್ಟರಲ್ಲಿ ಬೆಂಚುಗಳು ಖಾಲಿ. ಪಾಸ್ಟರ್ ಅಯ್ಯನವರು ಮೆಲ್ಲಗೆ, "ಕೀರ್ತನೆ ಪುಸ್ತಕ ತಗೊಳ್ರಿ, ಜನಕ್ಕೆ ಸಮಾಧಾನ ಆಗ್ತದ" ಅಂದರು.

ಎರಡನೆಯದು ನಾಟಕ. ಇದರಲ್ಲಿ ದುಡ್ಡು ಹೋಯಿತು. ಲೈಟು, ಸೌಂಡು, ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ಡ್ರೆಸ್ಸು, ಶಾಮಿಯಾನ, ಹುಡುಗರ ಊಟ ಸೇರಿ ಇಪ್ಪತ್ತು ಸಾವಿರಕ್ಕೆ ಹತ್ತಿರ. ಕಾಣಿಕೆಯಲ್ಲಿ ಬಂದದ್ದು ಐದೋ ಆರೋ ಸಾವಿರ. ಉಳಿದದ್ದು ನನ್ನ ಪೆನ್ಶನ್ನು. ನಮ್ಮ ಮನೆಯವರು, "ಹೋಶೇಯ ಹೆಂಡತಿ ಸಲುವಾಗಿ ಖರ್ಚು ಮಾಡಿದ, ನೀವು ನಾಟಕದ ಸಲುವಾಗಿ ಮಾಡಿದ್ರಿ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇತ್ತು. ಜನ ಅತ್ತರು. ಆದರೆ ಅತ್ತದ್ದು ಹೋಶೇಯನಿಗಾಗಿ. "ಪಾಪ, ಎಂಥಾ ಗಂಡ, ಎಂಥಾ ಹೆಂಡ್ತಿ ಸಿಕ್ಕಳು" ಎಂದು ಕಣ್ಣೊರೆಸಿಕೊಂಡು ಮನೆಗೆ ಹೋದರು. ಗೋಮೆರಳ ಪಾತ್ರ ಮಾಡಿದ ಹುಡುಗಿಯನ್ನು ಓಣಿಯಲ್ಲಿ ತಿಂಗಳುಗಟ್ಟಲೆ ಕಾಡಿಸಿದರು. ಆ ಪುಸ್ತಕದಲ್ಲಿ ದೇವರನ್ನು ಬಿಟ್ಟುಹೋದವರು ನಾವು, ಅಂದರೆ ಕೇಳುತ್ತಾ ಕೂತವರು. ಅಷ್ಟು ಜನರಲ್ಲಿ ಒಬ್ಬರೂ ಗೋಮೆರಳ ಜಾಗದಲ್ಲಿ ಕೂರಲಿಲ್ಲ. ನೋಡುವವರಿಗೆ ಒಳ್ಳೆಯ ಗಂಡನೊಬ್ಬ ಸಿಕ್ಕಿದರೆ ಎಲ್ಲರೂ ಅವನ ಪಕ್ಕಕ್ಕೇ ಸರಿಯುತ್ತಾರೆ.

ಆಮೇಲೆ ಹಿಡಿದದ್ದು ಮೂರನೆಯ ಅಧ್ಯಾಯದ ಎರಡನೆಯ ವಚನ. ನಾವೆಲ್ಲ ಓಡಿಸಿಕೊಂಡು ಓದುವ ವಚನ ಅದು. ಹದಿನೈದು ಶೆಕೆಲ್ ಬೆಳ್ಳಿ, ಒಂದೂವರೆ ಹೋಮೆರ್ ಜವೆಗೋಧಿ ಕೊಟ್ಟು ಅವಳನ್ನು ಕೊಂಡುಕೊಂಡೆ ಅನ್ನುತ್ತಾನೆ. ಇಡೀ ಪುಸ್ತಕದಲ್ಲಿ ಪ್ರೀತಿಗೆ ರೇಟು ಬರೆದಿರುವುದು ಇಲ್ಲೇ. ಇದನ್ನು ಬಾಯಲ್ಲಿ ಹೇಳುವ ಬದಲು ಅಳೆದು, ತೂಗಿ ಮುಂದಿಟ್ಟರೆ ಹೇಗೆ ಎನಿಸಿತು. ಕಮಿಟಿಯಲ್ಲಿ ಹೇಳಿದಾಗ ಒಬ್ಬರು ನಕ್ಕರು. "ಪ್ರಾರ್ಥನಾ ಕೂಟಾನೋ, ಎಪಿಎಂಸಿನೋ?"

ಲೆಕ್ಕ ಹೀಗೆ. ಶೆಕೆಲ್ ಒಂದಕ್ಕೆ ಸುಮಾರು 11.4 ಗ್ರಾಂ ಹಿಡಿಯುತ್ತಾರೆ. ಹದಿನೈದಕ್ಕೆ 170 ಗ್ರಾಂ ಆಸುಪಾಸು. ಹೋಮೆರ್ ಅಂದರೆ ಕಾಳು ಅಳೆಯುವ ಹಳೇ ಅಳತೆ. ಸಾಮಾನ್ಯವಾಗಿ 220 ಲೀಟರ್ ಅನ್ನುತ್ತಾರೆ, ಇನ್ನೂ ಕಡಿಮೆ ಹೇಳುವವರೂ ಇದ್ದಾರೆ. ಒಂದೂವರೆಗೆ 330 ಲೀಟರ್. ತೂಕದಲ್ಲಿ ಎರಡು ಕ್ವಿಂಟಲ್ ಹತ್ತಿರ ಆಗುತ್ತದೆ. ನಾಲ್ಕು ಚೀಲ.

ಅಂಗಡಿಯಲ್ಲಿ ಜವೆಗೋಧಿ ಎಂದು ಕೇಳಬೇಡಿ. ನಮ್ಮ ಕಡೆ ಹುಗ್ಗಿಗೆ ಹಾಕುವ ಗೋಧಿ ಕೊಟ್ಟು ಕಳಿಸುತ್ತಾರೆ. ಬಾರ್ಲಿ ಎಂದೇ ಕೇಳಿ. ನಾನು ತಂದಾಗ ಕಿಲೋಗೆ ನಲವತ್ತೈದು, ಐವತ್ತು ಇತ್ತು. ಎರಡು ಕ್ವಿಂಟಲ್‌ಗೆ ಒಂಬತ್ತು-ಹತ್ತು ಸಾವಿರ. ಅಷ್ಟು ಎಲ್ಲಿಂದ ತರೋದು? ಒಂದು ಚೀಲ ಬಾರ್ಲಿ ತಂದು, ಉಳಿದ ಮೂರಕ್ಕೆ ಹೊಟ್ಟು ತುಂಬಿ ನಿಲ್ಲಿಸಿದೆ. ಸುಂಕದವರ ಕಣ್ಣು ತಪ್ಪಿಸಬಹುದು, ಹುಡುಗರ ಕಣ್ಣು ತಪ್ಪಿಸಲು ಆಗಲ್ಲ. ಒಬ್ಬ ಬಂದು ಒಂದೇ ಕೈಯಲ್ಲಿ ಚೀಲ ಎತ್ತಿ ತಲೆ ಮೇಲೆ ಇಟ್ಟುಕೊಂಡ. ಅವತ್ತಿನ ಕೂಟ ಅಲ್ಲಿಗೆ ಮುಗಿಯಿತು. ಈಗ ಸಭೆಯ ರೈತರೊಬ್ಬರು ಮೂರು ಚೀಲ ಜೋಳ ಕೈಗಡ ಕೊಡುತ್ತಾರೆ, ಮರುದಿನ ವಾಪಸ್ ಒಯ್ಯುತ್ತಾರೆ. ಚೀಲ ಸಾಗಿಸುವ ಟಂಟಂ ಆಟೋ ಬಾಡಿಗೆ ಮುನ್ನೂರು ರೂಪಾಯಿ. ಭಾರ ನಿಜವಾಗಿರಬೇಕು, ಒಳಗೆ ಏನಿದ್ದರೂ ನಡೆಯುತ್ತದೆ. ಬಾರ್ಲಿ ಚೀಲ ಒಂದನ್ನೇ ಬಾಯಿ ಬಿಚ್ಚಿಡುತ್ತೇನೆ.

ಬೆಳ್ಳಿಗೆ ಒಂದು ಪೈಸೆ ಖರ್ಚಿಲ್ಲ. ಎರಡು ತಟ್ಟೆಯ ಹಳೇ ತಕ್ಕಡಿ ಬೇಕು. ಎಲೆಕ್ಟ್ರಾನಿಕ್ ತಂದರೆ ಜನ ಅಂಕಿ ನೋಡುತ್ತಾ ಕೂರುತ್ತಾರೆ. ಒಂದು ತಟ್ಟೆಗೆ 100, 50, 20 ಗ್ರಾಂ ತೂಕದ ಬಟ್ಟುಗಳು. ಇನ್ನೊಂದು ಖಾಲಿ. ಬಂದವರು ತಮ್ಮ ಮೈಮೇಲಿನ ಬೆಳ್ಳಿ ತೆಗೆದು ಅದರಲ್ಲಿ ಹಾಕಬೇಕು. ಗೆಜ್ಜೆ, ಕಾಲುಂಗುರ ಬೇಡ ಅನ್ನುವವರು ಚೈನು, ಕೀಲಿಗೊಂಚಲು, ಗಂಡಸರ ಕಡಗ, ಏನಾದರೂ ಸರಿ. ಕೂಟ ಮುಗಿಯುವವರೆಗೆ ಯಾರೂ ವಾಪಸ್ ಕೇಳುವಂತಿಲ್ಲ. ಒಮ್ಮೆ ಇಬ್ಬರ ಗೆಜ್ಜೆ ಅದಲುಬದಲಾಗಿ ವಾರಗಟ್ಟಲೆ ಮಾತು ಬಿಟ್ಟಿದ್ದರು. ಕ್ಷಮೆಯ ಪಾಠಕ್ಕೆ ಬಂದು ಜಗಳ ಕಟ್ಟಿಕೊಂಡು ಹೋದಂತಾಯಿತು! ಈಗ ಎಲ್ಲದಕ್ಕೂ ದಾರದಲ್ಲಿ ಚೀಟಿ ಕಟ್ಟುತ್ತೇನೆ.

ತಟ್ಟೆ ಸಮಕ್ಕೆ ಬಂದ ಮೇಲೆ ಕೇಳುತ್ತೇನೆ: ಇದನ್ನೆಲ್ಲ ಕೊಟ್ಟು ಅವಳನ್ನು ಕರೆತರೋಣವಾ? ಮೊದಲು ಬರುವುದು ಸಿಟ್ಟು. "ಓಡಿಹೋದಾಕಿ ಸಲುವಾಗಿ ನನ್ನ ಗೆಜ್ಜಿ ಯಾಕ ಕೊಡ್ಲಿ?" ಈ ಸಿಟ್ಟು ಬರದಿದ್ದರೆ ಪಾಠ ಮುಂದೆ ಹೋಗಬಾರದು. ಕ್ಷಮೆ ಅಂದ ಕೂಡಲೇ ತಲೆ ಅಲ್ಲಾಡಿಸುವ ನಮ್ಮ ಜನಕ್ಕೆ ಅದು ಯಾರದೋ ಗಂಟಿನಿಂದ ಹೋಗುತ್ತದೆ ಎನ್ನುವುದು ಆಗ ತಾಗುತ್ತದೆ. ಅನ್ಯಾಯಕ್ಕೆ ಒಳಗಾದವನೇ ದುಡ್ಡನ್ನೂ ಕೊಡಬೇಕು. ಎಂಥ ವ್ಯವಹಾರ ಇದು?

ಮೊದಲ ಸಲ ಇದು ಕೆಲಸ ಮಾಡಿದ್ದು ಒಬ್ಬ ಅಜ್ಜಿಯಿಂದ. ಓದು ಬರುವುದಿಲ್ಲ, ಹೊಲದಲ್ಲೇ ಜೀವನ ತೆಗೆದವರು. ಚೀಲಗಳನ್ನೂ ತಕ್ಕಡಿಯನ್ನೂ ನೋಡಿ, "ರೊಕ್ಕ ಕಡಿಮಿ ಬಿದ್ದಾವು. ಅದಕ್ಕ ಕಾಳು ಅಳದಾನ" ಅಂದರು. ನಾನು ಎಷ್ಟೋ ವರ್ಷ ಓದಿದರೂ ಹೊಳೆದಿರಲಿಲ್ಲ. ವಚನದಲ್ಲಿ ಹಾಗೆಂದು ಬರೆದಿಲ್ಲ, ಆದರೆ ಅನೇಕ ವಿದ್ವಾಂಸರ ಊಹೆಯೂ ಇದೇ. ವಿಮೋಚನಕಾಂಡ 21:32ರಲ್ಲಿ ಗುಲಾಮರ ಬೆಲೆ ಮೂವತ್ತು ಶೆಕೆಲ್. ಇವನ ಕೈಯಲ್ಲಿ ಇದ್ದದ್ದು ಅರ್ಧ, ಉಳಿದದ್ದಕ್ಕೆ ಕಣಜ ಬಳಿದ. ನಮ್ಮ ಕಡೆ ರೊಕ್ಕ ಸಾಲದೆ ಕಾಳು ಅಳೆದು ಸಾಲ ತೀರಿಸಿದ ಮನೆಗಳು ಎಷ್ಟಿಲ್ಲ? ಹೋಶೇಯ ಅವತ್ತು ಅವರ ಊರಿನವನಾದ.

ಬೆಳ್ಳಿ ಇನ್ನೂ ತಟ್ಟೆಯಲ್ಲಿರುವಾಗಲೇ 1 ಪೇತ್ರ 1:18-19 ಓದಿಸಬೇಕು. ನಿಮ್ಮನ್ನು ಬಿಡಿಸಿದ್ದು ಬೆಳ್ಳಿ ಬಂಗಾರದಂಥ ನಾಶವಾಗುವ ವಸ್ತುಗಳಿಂದಲ್ಲ, ಕ್ರಿಸ್ತನ ರಕ್ತದಿಂದ ಎನ್ನುವ ಮಾತು. ಪ್ರತಿ ಶುಭ ಶುಕ್ರವಾರ ಕೇಳುವ ಮಾತೇ. ಆದರೆ ಸ್ವಂತ ಗೆಜ್ಜೆ ತಟ್ಟೆಯಲ್ಲಿರುವಾಗ ಕೇಳಿದರೆ ಬೇರೆ ಕೇಳಿಸುತ್ತದೆ. ಅದೇ ಪತ್ರದ 2:10ರಲ್ಲಿ ಪೇತ್ರನು ಹೋಶೇಯನ ಮಕ್ಕಳಿಗೆ ಇಟ್ಟ 'ನನ್ನ ಪ್ರಜೆಯಲ್ಲ' ಎಂಬಂಥ ಹೆಸರನ್ನೇ ತಿರುಗಿಸಿ ಹಾಕುತ್ತಾನೆ: ಮೊದಲು ಪ್ರಜೆಯಲ್ಲದವರು, ಈಗ ದೇವರ ಪ್ರಜೆ. ಇದಾದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಸಭೆಯಲ್ಲಿ ಉತ್ತರ ಕಲಿತುಕೊಂಡೇ ಬಂದಿರುತ್ತಾರೆ.

ಓದುವ ಕ್ರಮ ತುಂಬಾ ಮುಖ್ಯ. ಎರಡನೆಯ ಅಧ್ಯಾಯದಿಂದ ಶುರು ಮಾಡಲೇಬೇಡಿ. ಅಲ್ಲಿ ಬಟ್ಟೆ ಬಿಚ್ಚಿಸುತ್ತೇನೆ, ದಾರಿಗೆ ಮುಳ್ಳಿನ ಬೇಲಿ ಹಾಕುತ್ತೇನೆ ಎನ್ನುವ ಮಾತುಗಳಿವೆ. ಒಂದು ಮನೆಯಲ್ಲಿ ಅದನ್ನು ಓದಿಸುವಾಗ ಹಿಂದೆ ಕೂತ ಗಂಡಸೊಬ್ಬ ಹೆಂಡತಿಗೆ, "ಕೇಳ್ದಿ?" ಅಂದ. ಮುಂದಿನ ವಾರದಿಂದ ಇಬ್ಬರು ಹೆಣ್ಣುಮಕ್ಕಳು ಬರುವುದನ್ನೇ ಬಿಟ್ಟರು. ಕುಡಿದು ಹೊಡೆಯುವ ಗಂಡನ ಮನೆಗೆ ವಾಪಸ್ ಹೋಗು ಎಂದು ಹೇಳಲು ಈ ಪುಸ್ತಕ ಬಳಸುವವರನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣಲ್ಲ. ಈ ಕಥೆಯಲ್ಲಿ ಕ್ಷಮಿಸುವವನ ಕೈಯಲ್ಲಿ ಅಧಿಕಾರ ಇತ್ತು, ಮನೆ ಇತ್ತು, ಕಣಜ ಇತ್ತು. ಏಟು ತಿನ್ನುವವಳ ಹೆಗಲಿಗೆ ಅದನ್ನು ಹೊರಿಸಲು ಬರುವುದಿಲ್ಲ.

ಅದಕ್ಕೆ ನಾನು 4:14ರಿಂದ ಶುರು ಮಾಡುತ್ತೇನೆ. ನಿಮ್ಮ ಹೆಣ್ಣುಮಕ್ಕಳನ್ನು ದಂಡಿಸುವುದಿಲ್ಲ, ಯಾಕೆಂದರೆ ಗಂಡಸರಾದ ನೀವೇ ಸೂಳೆಯರ ಜೊತೆ ಹೋಗುತ್ತೀರಿ ಎಂದು ದೇವರೇ ಹೇಳುತ್ತಾನೆ. ಇದನ್ನು ಗಂಡಸರ ಕೈಯಲ್ಲೇ ಗಟ್ಟಿಯಾಗಿ ಓದಿಸುತ್ತೇನೆ. ಆಮೇಲೆ ಯಾರೂ ಹೆಂಡತಿ ಕಡೆ ತಿರುಗಿ ನೋಡಿಲ್ಲ. ಅಲ್ಲಿಂದ ಮೂರು, ಆಮೇಲೆ ಹನ್ನೊಂದು, ಕೊನೆಗೆ ಹದಿಮೂರು ಮತ್ತು ಹದಿನಾಲ್ಕು. ಒಂದು, ಎರಡು ಮಧ್ಯದಲ್ಲಿ ತಾನಾಗಿ ಬರುತ್ತವೆ. ಹದಿಮೂರು, ಹದಿನಾಲ್ಕನ್ನು ಒಂದೇ ಸಂಜೆ ಓದಬೇಕು. ಹದಿಮೂರರಲ್ಲಿ ದೇವರು ಮರಿ ಕಳೆದುಕೊಂಡ ಕರಡಿ. ಹದಿನಾಲ್ಕರಲ್ಲಿ ಇಸ್ರಾಯೇಲಿಗೆ ಇಬ್ಬನಿ. ನಡುವೆ ಒಂದು ವಾರ ಬಿಟ್ಟರೆ ಜನ ಏಳು ದಿನ ಕರಡಿಯ ಜೊತೆ ಇರಬೇಕಾಗುತ್ತದೆ.

ಕಾಲೇಜು ಹುಡುಗರು ಎರಡು ಪ್ರಶ್ನೆ ಕೇಳೇ ಕೇಳುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಅವಳ ಹೆಸರೇ ಇಲ್ಲವಲ್ಲ, ಗೋಮೆರಳೇ ಅಂತ ಹೇಗೆ ಗೊತ್ತು? ಹೆಸರಿಲ್ಲ, ನಿಜ. ಹೆಚ್ಚಿನವರು ಅವಳೇ ಅಂತ ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. ಎರಡನೆಯದು ಗಟ್ಟಿ ಪ್ರಶ್ನೆ. ದೇವರು ಕ್ಷಮಿಸಿದ್ದರೆ ಕ್ರಿ.ಪೂ. 722ರಲ್ಲಿ ಅಶ್ಶೂರರು ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಯಾಕೆ ಹಿಡಿದರು? ಹನ್ನೊಂದನೆಯ ಅಧ್ಯಾಯದಲ್ಲಿ ಇಸ್ರಾಯೇಲನ್ನೇ ಎಫ್ರಾಯೀಮ್ ಎಂದು ಕರೆದು, ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಟ್ಟುಬಿಡಲಿ ಎಂದು ಕರುಳು ಮರುಗಿದವನೇ ಅದನ್ನು ತಡೆಯಲಿಲ್ಲ. ನಾನು ಇದಕ್ಕೆ ಜಾಣತನದ ಉತ್ತರ ಕೊಡಲ್ಲ. ಊರು ಬಿದ್ದಿತು, ಪ್ರೀತಿ ಬೀಳಲಿಲ್ಲ, ಪುಸ್ತಕ ಎರಡನ್ನೂ ಇಟ್ಟುಕೊಂಡಿದೆ ಎಂದಷ್ಟೇ ಹೇಳುತ್ತೇನೆ. ಕೆಲವರಿಗೆ ಸಾಕಾಗುತ್ತದೆ, ಕೆಲವರಿಗೆ ಆಗಲ್ಲ.

ಮೂರನೆಯ ಅಧ್ಯಾಯದ ಮೂರನೆಯ ವಚನವನ್ನೂ ಬಿಡಬೇಡಿ. ಕೊಂಡು ತಂದ ಮೇಲೆ, ನೀನು ಬಹಳ ದಿನ ನನಗಾಗಿ ಸುಮ್ಮನೆ ಇರಬೇಕು, ನಾನೂ ಹಾಗೇ ಇರುತ್ತೇನೆ ಅನ್ನುತ್ತಾನೆ. ಇದು ನಮಗೆ ಒಂದು ಸಭೆಯಲ್ಲಿ ಕೆಲಸಕ್ಕೆ ಬಂತು. ಯೂತ್ ಫಂಡಿನ ಲೆಕ್ಕ ನೋಡುತ್ತಿದ್ದ ಹುಡುಗ ಮೂವತ್ತು ಸಾವಿರದಷ್ಟು ಆನ್‌ಲೈನ್ ಆಟಕ್ಕೆ ಹಾಕಿ ಊರು ಬಿಟ್ಟಿದ್ದ. ತಿಂಗಳುಗಳ ಮೇಲೆ ಬಂದ. ಒಂದು ಗುಂಪು ಹೊರಗೆ ಹಾಕಿ ಅಂದಿತು. ಇನ್ನೊಂದು ಗುಂಪು ಕ್ಷಮೆ ಅಂದರೆ ಕ್ಷಮೆ, ಕೀಲಿ ವಾಪಸ್ ಕೊಡಿ ಅಂದಿತು. ತಕ್ಕಡಿ ಪಾಠ ಕೇಳಿದ್ದ ಮೂವರು ಆ ಹಣವನ್ನು ತಮ್ಮ ಜೇಬಿನಿಂದ ತುಂಬಿದರು. ಹುಡುಗ ಮರುವಾರದಿಂದಲೇ ಕ್ವಾಯರ್‌ನಲ್ಲಿ ನಿಂತ. ಲೆಕ್ಕದ ಪುಸ್ತಕ ಮಾತ್ರ ಬೇರೆಯವರ ಹತ್ತಿರ ಇದೆ, ಇನ್ನೂ ಬಹಳ ದಿನ ಇರುತ್ತದೆ. ನನ್ನ ಇಷ್ಟು ವರ್ಷದ ಪ್ರಸಂಗಗಳಲ್ಲಿ ಹೀಗೆ ಕೈಗೆ ಸಿಕ್ಕುವ ಫಲ ಕಂಡದ್ದು ಕಡಿಮೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಸುಮ್ನೆ ಮಾಡಿ ನೋಡಿದ ಬೇರೆ ಪ್ರಯೋಗಗಳೂ ಇವೆ. 7:8ರಲ್ಲಿ ಎಫ್ರಾಯೀಮ್ ತಿರುವಿ ಹಾಕದ ರೊಟ್ಟಿ ಅಂತಿದೆ ಅಲ್ವಾ? ಹೆಂಚಿನ ಮೇಲೆ ಜೋಳದ ರೊಟ್ಟಿಯನ್ನು ಒಂದೇ ಮಗ್ಗುಲು ಸುಟ್ಟು ಎಲ್ಲರ ಕೈಗೆ ಕೊಟ್ಟೆವು. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಸಖತ್ತಾಗಿ ನಾಟಿತು, ವಿವರಣೆಯೇ ಬೇಡವಾಯಿತು. 6:4ರಲ್ಲಿ ನಿಮ್ಮ ಭಕ್ತಿ ಬೆಳಗಿನ ಮಂಜಿನ ಹಾಗೆ ಅನ್ನುತ್ತಾನೆ ಎಂದು ಡಿಸೆಂಬರಿನಲ್ಲಿ ಬೆಳಗಿನ ಐದೂವರೆಗೆ ಕೂಟ ಇಟ್ಟೆ. ಮಂಜು ಬಂತು, ಜನ ಬರಲಿಲ್ಲ. ಹನ್ನೊಂದನೆಯ ಅಧ್ಯಾಯಕ್ಕೆ ಮೂರು ಗಾಲಿಯ ಮರದ ಬಂಡಿ ಇಟ್ಟು, ಒಂದು ವರ್ಷದ ಮಗುವನ್ನು ನಡೆಸಿದ್ದೂ ಇದೆ. ಎಫ್ರಾಯೀಮಿಗೆ ನಡೆಯಲು ಕಲಿಸಿದವನು ನಾನೇ ಎನ್ನುವ ಮಾತಿಗೆ. ಮಗು ನಡೆಯಿತು, ಎಲ್ಲರೂ ಮಗುವನ್ನೇ ನೋಡಿದರು, ವಚನ ಯಾರಿಗೂ ನೆನಪಿಲ್ಲ. ಲೂಕ 15ರ ದುಂದುಗಾರ ಮಗನಿಗೆ ಇದೇ ತಕ್ಕಡಿ ಬಳಸಲು ಹೋದೆ. ಕೊಬ್ಬಿದ ಕರುವಿಗೆ ತೂಕ ಯಾರು ಹಾಕೋದು? ಬಿಟ್ಟೆ.

ಈಗ ಒಂದು ಸಭೆಗೆ ಒಟ್ಟು ಖರ್ಚು ಮೂರು ಸಾವಿರದ ಒಳಗೆ ಬರುತ್ತದೆ, ಚಹಾ ಚುರುಮುರಿ ಸೇರಿ. ಅದರಲ್ಲೂ ಬಾರ್ಲಿಯ ದುಡ್ಡು ವಾಪಸ್ ಬರುತ್ತದೆ. ಸುಗ್ಗಿ ಹಬ್ಬದ ಲಿಲಾವಿಗೆ ಆ ಚೀಲ ಇಡುತ್ತೇವೆ. ಎಪಿಎಂಸಿ ಎಂದು ನಕ್ಕಿದ್ದ ಹಿರಿಯರೇ ಕಳೆದ ಸಲ ನಾವು ಕೊಂಡ ಬೆಲೆಗಿಂತ ಆರುನೂರು ಜಾಸ್ತಿ ಕೂಗಿ ಹಿಡಿದರು. ನೀವು ಮಾಡುವುದಾದರೆ ಮಳೆಗಾಲದಲ್ಲಿ ಬೇಡ. ಬಾರ್ಲಿಗೆ ಬೇಗ ನುಸಿ ಹಿಡಿಯುತ್ತದೆ, ಲಿಲಾವಿನಲ್ಲಿ ಯಾರೂ ಮುಟ್ಟುವುದಿಲ್ಲ.