ಹಾಲಿನ ಲೆಕ್ಕ ನಿಲ್ಲದಂತೆ ಡೇಟಾಬೇಸ್ ಬದಲಿಸಿದ ಬಗೆ

ಮಂಡ್ಯ ಸುತ್ತಲಿನ ಹಳ್ಳಿಗಳ ಡೈರಿಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ದಾಖಲಾಗುವ ಹಾಲಿನ ಅಳತೆ, ಫ್ಯಾಟ್ ಅಂಕಿಗಳೆಲ್ಲ ನಾವು ನೋಡಿಕೊಳ್ಳುವ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ 11ನೇ ಆವೃತ್ತಿಯ ಡೇಟಾಬೇಸಿಗೆ ಬಂದು ಸೇರುತ್ತಿದ್ದವು. ಆ ಆವೃತ್ತಿಯ ಬೆಂಬಲ 2023ರ ನವೆಂಬರ್‌ನಲ್ಲಿ ಮುಗಿದಿದ್ದರಿಂದ 16ಕ್ಕೆ ಹೋಗುವುದು ಅನಿವಾರ್ಯವಾಯಿತು. ಆದರೆ ಡಂಪ್ ತೆಗೆದು ಮತ್ತೆ ತುಂಬುವ ಹಳೆಯ ದಾರಿ ಹಿಡಿದರೆ, ಅಷ್ಟೂ ಹೊತ್ತು ಕ್ಯಾನು ಹಿಡಿದ ರೈತರನ್ನು ಸಾಲಿನಲ್ಲಿ ನಿಲ್ಲಿಸಬೇಕಾಗುತ್ತಿತ್ತು. ಆವೃತ್ತಿ ಬದಲಿಸುವ ಸಾಧನವಾದ ಪಿಜಿ_ಅಪ್‌ಗ್ರೇಡ್‌ನಲ್ಲಿ, ಫೈಲುಗಳನ್ನು ನಕಲು ಮಾಡದೆ ಹಳೆಯವನ್ನೇ ಬಳಸುವ ಲಿಂಕ್ ವಿಧಾನ ಬಲು ಬೇಗ ಮುಗಿಯುತ್ತದೆ, ನಿಜ. ಆದರೆ ಹೊಸ ಸರ್ವರ್ ಒಮ್ಮೆ ಶುರುವಾದ ಮೇಲೆ ಹಳೆಯದಕ್ಕೆ ಮರಳಲಾಗದ ಕಾರಣ ಅದನ್ನು ಕೈಬಿಟ್ಟೆ.

ಹಾಗಾಗಿ, ಒಂದು ಸರ್ವರಿನ ಬದಲಾವಣೆಗಳನ್ನು ಇನ್ನೊಂದಕ್ಕೆ ನಿರಂತರವಾಗಿ ಕಳಿಸುವ ಲಾಜಿಕಲ್ ರೆಪ್ಲಿಕೇಶನ್ ಆರಿಸಿಕೊಂಡೆ. ಹಳೆಯ ಸರ್ವರಿನಲ್ಲಿ ಪಬ್ಲಿಕೇಶನ್ (ಕಳಿಸಬೇಕಾದ ಟೇಬಲ್‌ಗಳ ಪಟ್ಟಿ), ಹೊಸದರಲ್ಲಿ ಅದನ್ನು ಪಡೆಯುವ ಸಬ್‌ಸ್ಕ್ರಿಪ್ಶನ್ ಮಾಡಿದರೆ, ಕೆಲಸ ನಡೆಯುತ್ತಿರುವಾಗಲೇ ಡೇಟಾ ಹರಿದು ಬರುತ್ತದೆ. ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಮೌಲ್ಯ) ಇಲ್ಲದ ಟೇಬಲ್ಲನ್ನು ಹಾಗೆಯೇ ಪಬ್ಲಿಕೇಶನ್‌ಗೆ ಸೇರಿಸಿದರೆ ಅದರ ಮೇಲಿನ ಅಪ್‌ಡೇಟ್‌ಗಳು ಹಳೆಯ ಸರ್ವರಿನಲ್ಲೇ ದೋಷ ಕೊಡುತ್ತವೆ. ಆದ್ದರಿಂದ ಮೊದಲು ಅಂಥವನ್ನು ಹುಡುಕಿ ಕೀ ಕೊಟ್ಟೆ. ಟೇಬಲ್‌ಗಳ ರಚನೆಯೂ ತಾನಾಗಿ ಬರುವುದಿಲ್ಲ, ಮುಂಚೆಯೇ ಹಾಕಿಡಬೇಕು.

ನಿಜವಾದ ತೊಡಕು, ಹೊಸ ಸಾಲುಗಳಿಗೆ ಮುಂದಿನ ಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳದು. ಸಾಲುಗಳು ಬರುತ್ತವೆ, ಸೀಕ್ವೆನ್ಸಿನ ಎಣಿಕೆ ಬರುವುದಿಲ್ಲ. ತಾಲೀಮಿನಲ್ಲಿ ಹೊಸ ಸರ್ವರಿಗೆ ಒಂದು ರಸೀದಿ ಬರೆದು ನೋಡಿದಾಗ ಅದು 1ನೇ ಸಂಖ್ಯೆ ಕೊಡಲು ಹೊರಟು, ಡೂಪ್ಲಿಕೇಟ್ ಕೀ ಎಂದು ನಿಂತಿತು. ಆದಕಾರಣ ಪ್ರತಿ ಸೀಕ್ವೆನ್ಸಿಗೂ ಹಳೆಯ ಮೌಲ್ಯಕ್ಕಿಂತ ತುಸು ಮುಂದಿನ ಸಂಖ್ಯೆಯನ್ನು ಸೆಟ್‌ವ್ಯಾಲ್ ಮೂಲಕ ಕೊಡುವ ಸ್ಕ್ರಿಪ್ಟ್ ಬರೆದಿಟ್ಟೆ.

ಸಂಜೆಯ ಹಾಲು ಮುಗಿದ ಮೇಲೆ, ರಾತ್ರಿ, ಡೇಟಾಬೇಸಿನ ಸಂಪರ್ಕಗಳನ್ನು ನಡುವೆ ನಿಂತು ಸಾಗಿಸುವ ಪಿಜಿಬೌನ್ಸರ್‌ನಲ್ಲಿ ಪಾಜ್ (PAUSE) ಕೊಟ್ಟು ಕ್ವೆರಿಗಳನ್ನು ತಡೆಹಿಡಿದು, ರೆಪ್ಲಿಕೇಶನ್ ಪೂರ್ತಿ ಹಿಡಿದಿದೆಯೆಂದು ಖಚಿತಪಡಿಸಿಕೊಂಡು, ಸ್ಕ್ರಿಪ್ಟ್ ಓಡಿಸಿ, ವಿಳಾಸ ಬದಲಿಸಿ ರೆಸ್ಯೂಮ್ ಮಾಡಿದೆ. ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವ ಅನಲೈಸ್ ಆದೇಶವನ್ನು ಮುಂಚೆಯೇ ಓಡಿಸಿದ್ದರಿಂದ ಬೆಳಗಿನ ಕ್ವೆರಿಗಳು ನಿಧಾನವಾಗಲಿಲ್ಲ.