ನೋಡುವ ಮೊದಲು ಬರೆದಿಟ್ಟ ನೆನಪು

ಚಿಕ್ಕಂದಿನಲ್ಲಿ ನೋಡಿದ ಟಿವಿ ಸರಣಿಗಳನ್ನು ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ. ಶುರು ಮಾಡುವ ಮೊದಲು ಒಂದು ಕೆಲಸ ತಪ್ಪಿಸುವುದಿಲ್ಲ. ನೋಟ್‌ಬುಕ್ ತೆಗೆದು ಆ ಸರಣಿಯ ಬಗ್ಗೆ ನೆನಪಿರುವುದನ್ನೆಲ್ಲ ಬರೆಯುತ್ತೇನೆ. ಪಾತ್ರಗಳು, ಮಾತುಗಳು, ಯಾವ ದೃಶ್ಯಕ್ಕೆ ಅತ್ತೆ, ಯಾರು ಇಷ್ಟ, ಯಾರನ್ನು ಕಂಡರೆ ಆಗುತ್ತಿರಲಿಲ್ಲ. ಇಂಟರ್ನೆಟ್‌ನಲ್ಲಿ ಹುಡುಕುವ ಹಾಗಿಲ್ಲ, ಯಾರನ್ನೂ ಕೇಳುವ ಹಾಗಿಲ್ಲ. ಬರೆದು ಮುಗಿದ ಮೇಲೆಯೇ ಮೊದಲ ಕಂತು.

ಈ ಅಭ್ಯಾಸ ಬಂದದ್ದು ‘ಸ್ಟಾರ್ ಟ್ರೆಕ್’ನಿಂದ. ಅಂತರಿಕ್ಷ ನೌಕೆಯೊಂದರ ಕಥೆ, 1966ರಿಂದ 1969ರವರೆಗೆ ಬಂದ ಮೊದಲ ಸರಣಿ, ಒಟ್ಟು 79 ಕಂತು. ಕ್ಯಾಪ್ಟನ್ ಕರ್ಕ್ ‘ಬೀಮ್ ಮಿ ಅಪ್, ಸ್ಕಾಟಿ’ (ನನ್ನನ್ನು ನೌಕೆಗೆ ಎತ್ತಿಕೋ, ಸ್ಕಾಟಿ) ಅನ್ನುವುದನ್ನು ಅದೇ ದನಿಯಲ್ಲಿ ಅನುಕರಿಸಿ ಎಷ್ಟೋ ಜನರನ್ನು ನಗಿಸಿದ್ದೆ. ಆ ಮಾತು ಯಾವ ಕಂತಿನಲ್ಲಿ ಬರುತ್ತದೆ ಅಂತ ಕಾಯುತ್ತಾ ಕೂತೆ. 79 ಕಂತೂ ಮುಗಿದವು. ಹತ್ತಿರ ಹತ್ತಿರದ ಮಾತುಗಳು ಬಂದವು, ಅದು ಮಾತ್ರ ಬರಲೇ ಇಲ್ಲ. ಯಾರೂ ಆಡದ ಮಾತನ್ನು ನಾನು ದನಿ ಸಮೇತ ನೆನಪಿಟ್ಟುಕೊಂಡಿದ್ದೆ! ಹಾಗಾದರೆ ಉಳಿದ ನೆನಪುಗಳ ಕಥೆ ಏನು ಅನ್ನಿಸಿತು. ಅಂದಿನಿಂದ ಮೊದಲು ಬರೆಯುವುದು, ಆಮೇಲೆ ನೋಡುವುದು. ಬರೆದಿಡದಿದ್ದರೆ ನೆನಪು ತುಂಬಾ ಜಾಣ. ನೋಡಿದ ತಕ್ಷಣ ‘ಹೌದೌದು, ನನಗೆ ಹೀಗೇ ನೆನಪಿತ್ತು’ ಅಂತ ಪಕ್ಷ ಬದಲಿಸಿಬಿಡುತ್ತದೆ.

ಟಿವಿಯನ್ನೂ ಸ್ವಲ್ಪ ಸರಿ ಮಾಡಿಕೊಳ್ಳಬೇಕಾಯಿತು. ಈಗಿನ ಟಿವಿಗಳಲ್ಲಿ ಚಲನೆಯನ್ನು ನುಣುಪಾಗಿಸುವ ಒಂದು ಸೆಟ್ಟಿಂಗ್ ಇರುತ್ತದೆ. ಅದು ಆನ್ ಆಗಿದ್ದರೆ ಫಿಲ್ಮ್‌ನಲ್ಲಿ ತೆಗೆದ ಸರಣಿಯೂ ಮದುವೆ ವಿಡಿಯೋ ಥರ ಕಾಣುತ್ತದೆ. ಮೊದಲು ಅದನ್ನು ಆಫ್ ಮಾಡಿ. ಇನ್ನೊಂದು, ಚಿತ್ರದ ಅಳತೆ. ಹಳೆಯ ಸರಣಿಗಳು 4:3ರ, ಅಂದರೆ ಅಗಲ ಕಡಿಮೆ ಇರುವ ಚೌಕಟ್ಟಿಗೆ ತೆಗೆದವು. ಪರದೆ ತುಂಬಲಿ ಅಂತ ಈಗಿನ ಟಿವಿಯ ಅಗಲ ಅಳತೆಗೆ, 16:9ಕ್ಕೆ, ಎಳೆದರೆ ಮುಖಗಳು ಉಬ್ಬುತ್ತವೆ, ಕತ್ತರಿಸಿದರೆ ಮೇಲೆ ಕೆಳಗೆ ಇದ್ದದ್ದು ಹೋಗುತ್ತದೆ. ‘ದಿ ಸಿಂಪ್ಸನ್ಸ್’ ಅನ್ನುವ ಕಾರ್ಟೂನ್ ಸರಣಿಗೆ ಇದೇ ಆಯಿತು. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ ಹಳೆಯ ಕಂತುಗಳನ್ನು ಕತ್ತರಿಸಿ ಹಾಕಿದ್ದರು. ಬಿಯರ್ ಕಾರ್ಖಾನೆಯ ಒಂದು ದೃಶ್ಯದಲ್ಲಿ ಮೂರು ಬೇರೆ ಬೇರೆ ಹೆಸರಿನ ಬಿಯರ್ ತೊಟ್ಟಿಗಳಿವೆ, ಮೂರಕ್ಕೂ ಮೇಲಿನಿಂದ ಬರುವ ಪೈಪು ಒಂದೇ. ಜೋಕು ಇರುವುದೇ ಆ ಪೈಪಿನಲ್ಲಿ. ಕತ್ತರಿಸಿದ್ದರಲ್ಲಿ ಪೈಪೇ ಇಲ್ಲ! ಜನ ಗಲಾಟೆ ಮಾಡಿದ ಮೇಲೆ 2020ರಲ್ಲಿ ಮೂಲ ಅಳತೆಯ ಆಯ್ಕೆ ಕೊಟ್ಟರು. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ.

‘ಸ್ಟಾರ್ ಟ್ರೆಕ್’ನಲ್ಲಿ ಬೇರೆ ಥರದ ಗೊಂದಲ. 2006ರಿಂದ ಅದರ ಅಂತರಿಕ್ಷದ ದೃಶ್ಯಗಳನ್ನು ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡಿದರು. ಬ್ಲೂ-ರೇ ಡಿಸ್ಕಿನಲ್ಲಿ ಹಳೆಯದು, ಹೊಸದು ಎರಡೂ ಇವೆ. ಒಂದೇ ಕಂತನ್ನು ಎರಡೂ ಥರ ನೋಡಿದೆ. ಹೊಸ ನೌಕೆ ಚೊಕ್ಕಟವಾಗಿದೆ, ಆದರೆ ಪಕ್ಕದ ದೃಶ್ಯದ ರಟ್ಟಿನಂಥ ಬಂಡೆಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಳೆಯದು ಎಲ್ಲದರ ಜೊತೆ ಹೊಂದುತ್ತದೆ. ನಿಜ ಹೇಳಬೇಕೆಂದರೆ ನನ್ನ ನೆನಪಿನ ನೌಕೆ ಇವೆರಡಕ್ಕಿಂತ ದೊಡ್ಡದಾಗಿತ್ತು.

ಶುರುವಿನಲ್ಲಿ ಮಾಡಿದ ದೊಡ್ಡ ತಪ್ಪು, ದಿನಕ್ಕೆ ಆರೇಳು ಕಂತು ನೋಡಿದ್ದು. ಮೂರನೇ ದಿನಕ್ಕೆ ಎಲ್ಲವೂ ಒಂದೇ ಅಚ್ಚು ಅನ್ನಿಸಿ ಸಿಟ್ಟು ಬಂತು. ಪ್ರತಿ ಕಂತಿನ ಕೊನೆಗೂ ಎಲ್ಲ ಮೊದಲಿನ ಸ್ಥಿತಿಗೇ ಬರುತ್ತದೆ, ನಿನ್ನೆ ಸತ್ತವರ ನೆನಪು ಇವತ್ತು ಯಾರಿಗೂ ಇಲ್ಲ. ಆಮೇಲೆ ಹೊಳೆಯಿತು. ಅವನ್ನು ಬರೆದದ್ದು ವಾರಕ್ಕೊಂದು ನೋಡುವವರಿಗೆ. ಮರುಪ್ರಸಾರದಲ್ಲಿ ಯಾವ ಕಂತು ಮೊದಲು, ಯಾವುದು ಆಮೇಲೆ ಅನ್ನುವ ಖಾತ್ರಿ ಇರುತ್ತಿರಲಿಲ್ಲ. ಆದ್ದರಿಂದ ಪ್ರತಿ ಕಂತೂ ಒಂಟಿಯಾಗಿ ನಿಲ್ಲಬೇಕಿತ್ತು. ಆಗಾಗ ಪರದೆ ಸುಮ್ನೆ ಕಪ್ಪಾಗುವುದು ಜಾಹೀರಾತಿಗೆ ಬಿಟ್ಟ ಜಾಗ. ಅದಕ್ಕೆ ಮುಂಚೆ ಸಂಗೀತ ಏರುವುದು, ಯಾರೋ ಬೆಚ್ಚಿ ತಿರುಗುವುದು, ಎಲ್ಲ ನಾವು ಎದ್ದು ಹೋಗದಿರಲಿ ಅಂತ. ಈಗ ವಾರಕ್ಕೆ ಎರಡೇ ಕಂತು.

ಜಾಸ್ತಿ ಪುಟ ತುಂಬಿದ್ದು ‘ಮ್ಯಾಶ್’ನಿಂದ. ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯೊಂದರ ಕಥೆ. ಯುದ್ಧ ನಡೆದದ್ದು ಮೂರು ವರ್ಷ, ಸರಣಿ ನಡೆದದ್ದು 1972ರಿಂದ 1983ರವರೆಗೆ. ನಾನು ಬರೆದಿಟ್ಟ ಮೊದಲ ಸಾಲು: ‘ಹೊಟ್ಟೆ ಹುಣ್ಣಾಗುವಷ್ಟು ನಗು.’

ಆ ನಗು ಎಷ್ಟರ ಮಟ್ಟಿಗೆ ನನ್ನದು? ಹಿನ್ನೆಲೆಯಲ್ಲಿ ಮೊದಲೇ ರೆಕಾರ್ಡ್ ಮಾಡಿದ ನಗು ಕೇಳುತ್ತದೆ. ಅದು ಬೇಡ ಅಂತ ಸರಣಿ ಮಾಡಿದವರೇ ಹೇಳಿದ್ದರು, ವಾಹಿನಿ ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಮಾತ್ರ ನಗು ಹಾಕುವುದಿಲ್ಲ ಅನ್ನುವ ಒಪ್ಪಂದವಾಯಿತು. ಡಿವಿಡಿಯಲ್ಲಿ ನಗುವನ್ನು ಪೂರ್ತಿ ತೆಗೆದು ನೋಡುವ ಆಯ್ಕೆ ಇದೆ. ತೆಗೆದು ನೋಡಿದೆ. ಬೇರೆಯೇ ಸರಣಿ! ಹಾಕ್‌ಐ ಅನ್ನುವ ಡಾಕ್ಟರ್ ಪಟಪಟ ಹಾರಿಸುವ ಚಟಾಕಿಗಳು ಖಾಲಿ ಟೆಂಟಿನಲ್ಲಿ ಬಿದ್ದು ಸುಮ್ಮನಾಗುತ್ತವೆ. ಅವನು ತಮಾಷೆಯ ಮನುಷ್ಯ ಅಲ್ಲ, ನಿದ್ದೆಗೆಟ್ಟು ಹೆದರಿದ ಮನುಷ್ಯ. ನಾನು ನಕ್ಕದ್ದು ಅವನಿಗೋ, ಪಕ್ಕದಲ್ಲಿ ನಗುತ್ತಿದ್ದ ಆ ಅದೃಶ್ಯ ಗುಂಪಿಗೋ ಗೊತ್ತಾಗಲಿಲ್ಲ.

ಮೊದಲ ಸೀಸನ್‌ಗಳನ್ನು ಅಕ್ಕನ ಜೊತೆ ನೋಡಿದೆ. ನರ್ಸ್‌ಗಳ ಹಿಂದೆ ಡಾಕ್ಟರುಗಳು ಬೀಳುವುದು, ಮುಖ್ಯ ನರ್ಸ್ ಮಾರ್ಗರೆಟ್‌ಗೆ ಇಟ್ಟ ಅಡ್ಡಹೆಸರು, ಎಲ್ಲರೆದುರು ಅವಳ ಮರ್ಯಾದೆ ಕಳೆಯುವುದು, ಎಲ್ಲವೂ ಅಲ್ಲಿ ಜೋಕು. ಮುಜುಗರವಾಗಿ ನಾನೇ ಬಾಯಿ ತೆರೆದೆ.

“ಆ ಕಾಲ ಹಾಗಿತ್ತು, ಅಲ್ವಾ?”

“ಕಾಲದ ಮಾತು ಬಿಡು. ನನಗೆ ಆಗಲೂ ನಗು ಬರ್ತಿರಲಿಲ್ಲ,” ಅಂದಳು. “ನಿನ್ನ ಪಕ್ಕದಲ್ಲೇ ಕೂತಿರ್ತಿದ್ದೆ ಕಣೋ. ನೀನು ಟಿವಿ ನೋಡ್ತಿದ್ದೆ, ನನ್ನ ಮುಖ ನೋಡ್ತಿರಲಿಲ್ಲ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನೋಟ್‌ಬುಕ್‌ನಲ್ಲಿ ‘ಆಗ ಎಲ್ಲರೂ ನಗುತ್ತಿದ್ದರು’ ಅಂತ ಬರೆದಿದ್ದೆ. ‘ಎಲ್ಲರೂ’ ಅನ್ನುವುದನ್ನು ಹೊಡೆದು ಹಾಕಿದೆ.

ಸರಣಿಯೂ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಬರಬರುತ್ತಾ ಆ ಅಡ್ಡಹೆಸರು ಹಿಂದೆ ಸರಿದು ಅವಳು ಮಾರ್ಗರೆಟ್ ಆಗುತ್ತಾಳೆ. ಆ ಪಾತ್ರ ಮಾಡಿದ ಲೊರೆಟ್ಟಾ ಸ್ವಿಟ್ ಅವಳಿಗೆ ಕೊಟ್ಟ ಒಂಟಿತನ ನನ್ನ ನೆನಪಿನಲ್ಲಿ ಒಂದು ಸಾಲೂ ಇರಲಿಲ್ಲ. ಕೊರಿಯಾದ ಜನರ ವಿಷಯದಲ್ಲಿ ಇಷ್ಟು ಹೇಳಲಾರೆ. ಅವರ ನೆಲದಲ್ಲೇ ನಡೆಯುವ ಕಥೆ, ಅವರು ಮಾತ್ರ ಬಂದು ಹೋಗುವವರು. ಎಷ್ಟೋ ಸಲ ಆ ಪಾತ್ರ ಮಾಡಿದವರು ಜಪಾನಿ, ಚೀನಿ ಮೂಲದ ನಟರು.

‘ಸ್ಟಾರ್ ಟ್ರೆಕ್’ನಲ್ಲೂ ಇಂಥ ಇಬ್ಬಂದಿ ಇದೆ. ನಿಶೆಲ್ ನಿಕೋಲ್ಸ್ ಎಂಬ ಕಪ್ಪು ನಟಿಯನ್ನು 1966ರಲ್ಲೇ ಅಧಿಕಾರಿಯ ಪಾತ್ರದಲ್ಲಿ ಕೂರಿಸಿದ ಸರಣಿ ಅದು. 1969ರ ಜೂನ್‌ನಲ್ಲಿ ಬಂದ ಕೊನೆಯ ಕಂತಿನಲ್ಲಿ ಅದೇ ಸರಣಿಯ ಹೆಂಗಸೊಬ್ಬಳು, ನಿಮ್ಮ ಕ್ಯಾಪ್ಟನ್‌ಗಳ ಲೋಕದಲ್ಲಿ ಹೆಣ್ಣಿಗೆ ಜಾಗವಿಲ್ಲ ಅನ್ನುತ್ತಾಳೆ. ಇಪ್ಪತ್ಮೂರನೇ ಶತಮಾನದ ಕಥೆಯಲ್ಲಿ! ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟಿದ್ದೇನೆ, ಒಂದನ್ನು ಇನ್ನೊಂದರಿಂದ ಕಳೆದು ಅಂಕ ಕೊಡಲು ಹೋಗಿಲ್ಲ.

ಮತ್ತೆ ನೋಡಿದಾಗ ಇನ್ನೂ ಮೇಲೆ ಹೋದದ್ದು ‘ಕೊಲಂಬೊ’ ಅನ್ನುವ ಪತ್ತೇದಾರಿ ಸರಣಿ. ಅದರ ಪುಟದಲ್ಲಿ ‘ಕೊಲೆಗಾರ ಯಾರು ಅಂತ ಊಹಿಸುವ ಮಜಾ’ ಅಂತ ಬರೆದಿದ್ದೆ. ಕೊಲೆಗಾರ ಯಾರು ಅನ್ನುವುದು ಶುರುವಿನಲ್ಲೇ ತೋರಿಸುತ್ತಾರೆ ಮಾರಾಯ್ರೇ, ಊಹಿಸುವುದಕ್ಕೆ ಏನೂ ಇಲ್ಲ! ಪತ್ತೇದಾರ ಕೊಲಂಬೊ ಆಗಿ ಪೀಟರ್ ಫಾಕ್ ಬರುವುದೇ ಎಷ್ಟೋ ಹೊತ್ತಾದ ಮೇಲೆ. ಆಗ ನಾನು ಅವನು ಬಾಗಿಲ ತನಕ ಹೋಗಿ ತಿರುಗಿ ‘ಇನ್ನೊಂದೇ ಒಂದು ವಿಷಯ’ ಅನ್ನುವುದಕ್ಕೆ ಕಾಯುತ್ತಿದ್ದೆ. ಈಗ ಎದುರಿಗಿರುವವರ ಮುಖ ನೋಡುತ್ತೇನೆ. ಕೊಲೆ ಮಾಡಿದವರು ಸಾಮಾನ್ಯವಾಗಿ ಶ್ರೀಮಂತರು, ಹೆಸರಾದವರು. ಸುಕ್ಕುಗಟ್ಟಿದ ಮಳೆಕೋಟಿನ ಈ ಮನುಷ್ಯನನ್ನು ಅವರು ಮೊದಲು ಕನಿಕರದಿಂದ, ಆಮೇಲೆ ಬೇಸರದಿಂದ, ಕೊನೆಗೆ ಭಯದಿಂದ ನೋಡುತ್ತಾರೆ. ಅವನ ಕೆಲವು ಸಾಕ್ಷಿಗಳು ನ್ಯಾಯಾಲಯದಲ್ಲಿ ಐದು ನಿಮಿಷ ನಿಲ್ಲಲಾರವು. ಆದರೂ ಕ್ಷಮಿಸಿದ್ದೇನೆ. ವಿಮರ್ಶೆಯ ಕಣ್ಣಿಗೂ ರಜೆ ಬೇಕಲ್ಲ.

ಮುಂದಿನದು ‘ಟ್ವೈಲೈಟ್ ಝೋನ್’, ಕಂತಿಗೊಂದು ವಿಚಿತ್ರ ಕಥೆ. 1959ರಿಂದ 1964, 156 ಕಂತು. ವಾರಕ್ಕೆ ಎರಡರಂತೆ ಒಂದೂವರೆ ವರ್ಷದ ಕೆಲಸ. ಈ ಸಲ ಅಕ್ಕನೂ ಮೊದಲೇ ಬರೆದಿದ್ದಾಳೆ. ನನ್ನದು ಮೂರು ಪುಟ. ಅವಳದು ನಾಲ್ಕೇ ಸಾಲು, ಮಡಚಿ ಟಿವಿಯ ಕೆಳಗೆ ಇಟ್ಟಿದ್ದಾಳೆ. ಅದರಲ್ಲಿ ನನ್ನ ಹೆಸರೂ ಇದೆಯಂತೆ.