ಹಳೇ ಮನೆ ರಿಪೇರಿ ಕಂಟ್ರಾಕ್ಟ್ ಹಿಡಿಯುವವರಿಗೆ

ಹೊಸ ಮನೆ ಕಟ್ಟುವವರಿಗೆ ಖಾಲಿ ಸೈಟ್ ಸಿಗುತ್ತದೆ. ನಮಗೆ ಸಿಗುವುದು ಜನ ಇರುವ ಮನೆ. ಒಳಗೆ ಅಜ್ಜಿ ಮಲಗಿರುತ್ತಾರೆ, ಮಕ್ಕಳಿಗೆ ಪರೀಕ್ಷೆ ಇರುತ್ತದೆ, ಒಲೆ ಮೇಲೆ ಸಾರು ಕುದಿಯುತ್ತಿರುತ್ತದೆ. ಅದರ ನಡುವೆಯೇ ಗೋಡೆ ಒಡೆಯಬೇಕು. ನಾನು ದಾವಣಗೆರೆಯಲ್ಲಿ ಟೈಲ್ಸ್ ಹಾಕುತ್ತಾ ಈ ಲೈನಿಗೆ ಬಂದವನು. ಹೊಸ ಹುಡುಗರು ಮೊದಲು ಕೇಳುವುದೇ 'ಚದರಕ್ಕೆ ಎಷ್ಟು ಹೇಳೋದಣ್ಣ' ಅಂತ. ಚದರ ಅಂದರೆ ನೂರು ಚದರ ಅಡಿ. ಹಳೇ ಮನೆಗೆ ಚದರದ ರೇಟು ಹೇಳಲೇಬೇಡಿ. ಒಳಗೆ ಏನಿದೆ ಅಂತ ಒಡೆಯುವ ತನಕ ಪೂರ್ತಿ ಗೊತ್ತಾಗುವುದಿಲ್ಲ.

ಚೌಕಿಪೇಟೆ, ಮಂಡಿಪೇಟೆ ಕಡೆಯ ಹಳೇ ಮನೆಗೆ ಹೋದರೆ ಪೇಂಟ್ ನೋಡಿ ಮೋಸ ಹೋಗಬೇಡಿ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಡಬಡಬ ಅಂದ ಕಡೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ ಅಂತಲೇ ಲೆಕ್ಕ. ಮಣ್ಣಿನ ಮಾಳಿಗೆ ಇದ್ದರೆ, ಅದನ್ನು ಹೊತ್ತ ಮರದ ಜಂತೆಯ ತುದಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಗೆದ್ದಲೋ ನೀರೋ ತಿಂದಿದೆ. ಅಂಥ ಮನೆಯಲ್ಲಿ 'ಈ ಗೋಡೆ ತೆಗೆದು ಹಾಲ್ ದೊಡ್ಡದು ಮಾಡಿ' ಅಂದರೆ ಹೂಂ ಅನ್ನಬೇಡಿ. ಮಾಳಿಗೆಯ ಭಾರ ಆ ಗೋಡೆ ಮೇಲೇ ಕೂತಿರಬಹುದು. ಇಂಜಿನಿಯರ್ ಬಂದು ನೋಡಿ ಹೇಳಲಿ. ಆ ಫೀಸು ಉಳಿಸಲು ಹೋಗುವ ಓನರ್ ಆದರೆ ಕೆಲಸವೇ ಬೇಡ.

ಎಸ್ಟಿಮೇಟಿನಲ್ಲಿ ಎಲ್ಲರೂ ಮರೆಯುವುದು ಹೊರುವ ಕೂಲಿ. ಗಲ್ಲಿಯೊಳಗೆ ಟ್ರ್ಯಾಕ್ಟರ್ ಬರುವುದಿಲ್ಲ. ಒಡೆದ ಕಲ್ಲು ಮಣ್ಣನ್ನೆಲ್ಲ ಬಾಂಡ್ಲಿಯಲ್ಲಿ ಹೊತ್ತು ದೊಡ್ಡ ರಸ್ತೆಗೆ ತರಬೇಕು. ಸಿಮೆಂಟು, ಎಂ ಸ್ಯಾಂಡ್ ಒಳಗೆ ಹೋಗುವುದೂ ಹಾಗೇ. ಇದನ್ನು ಬರೆಯದಿದ್ದರೆ ಲಾಭ ಗಲ್ಲಿಯ ಮೂಲೆಯಲ್ಲೇ ಕರಗುತ್ತದೆ.

ಇನ್ನು ಲೆಕ್ಕದ ಪುಸ್ತಕ. ಕೆಲಸ ಶುರುವಾದ ಮೇಲೆ ಮನೆಯವರು ಸುಮ್ನೆ ಅನ್ನುವಂತೆ ಒಂದು ಮಾತು ಬಿಡುತ್ತಾರೆ: 'ಹೇಗೂ ಒಡೆದಿದ್ದೀರಿ, ಅಡುಗೆ ಕಟ್ಟೆನೂ ಒಂಚೂರು ಎತ್ತರ ಮಾಡಿಬಿಡಿ ಮೇಸ್ತ್ರಿ.' ನಾವೂ ಮುಲಾಜಿಗೆ ಆಯ್ತಕ್ಕ ಅಂತೀವಿ. ಕೊನೆಗೆ ಬಿಲ್ ಕೊಟ್ಟಾಗ ಜಗಳ. ಅದಕ್ಕೇ ಕಾರ್ಬನ್ ಇಟ್ಟು ಬರೆಯುವ ಪುಸ್ತಕ ಒಂದು ಜೇಬಿನಲ್ಲಿರಲಿ. ಯಾವ ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಜಾಸ್ತಿ ಅಂತ ಅಲ್ಲೇ ಬರೆದು ಸಹಿ ಹಾಕಿಸಿ ಒಂದು ಪ್ರತಿ ಕೊಡಿ. ಮೊದಲ ಸಲ ಬೇಜಾರಾಗುತ್ತಾರೆ. ಎರಡನೇ ಸಲ ಅವರೇ 'ಬರೆದುಕೊಳ್ಳಿ' ಅನ್ನುತ್ತಾರೆ. ದುಡ್ಡನ್ನು ಹಂತಹಂತವಾಗಿ ಕೇಳಿ: ಒಡೆದು ಸಾಗಿಸಿದ ಮೇಲೆ ಇಷ್ಟು, ಪೈಪು ವೈರಿಂಗ್ ಆದ ಮೇಲೆ ಇಷ್ಟು, ಟೈಲ್ಸ್ ಆದ ಮೇಲೆ ಇಷ್ಟು. ಒಬ್ಬರ ಅಡ್ವಾನ್ಸಿನಲ್ಲಿ ಇನ್ನೊಬ್ಬರ ಮನೆಗೆ ಸಿಮೆಂಟು ಇಳಿಸುವ ಚಟ ಮಾತ್ರ ಬೇಡ. ಈ ಲೈನಿನಲ್ಲಿ ಮುಳುಗಿದವರಲ್ಲಿ ಬಹಳಷ್ಟು ಜನ ಮುಳುಗಿದ್ದು ಅಲ್ಲೇ.

ಊರಿನಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ವಾ, ಅದರ ಮುಂಚೆ ಎಲ್ಲರಿಗೂ ಒಟ್ಟಿಗೇ ಮನೆ ಚೆಂದ ಆಗಬೇಕು. ನೆಂಟರು ಬರುತ್ತಾರಲ್ಲ. ಪೇಂಟರ್, ಗಾರೆಯವರು ಕೈಗೇ ಸಿಗುವುದಿಲ್ಲ. ಎದುರಿಗೆ ದುಡ್ಡು ಹಿಡಿದು ನಿಂತವರಿಗೆ ಆಗಲ್ಲ ಅನ್ನುವುದು ಕಷ್ಟ. ಆದರೂ ನಿಮ್ಮ ಆಳುಗಳಿಗೆ ಎಷ್ಟು ಮನೆ ಮುಗಿಸಲು ಆಗುತ್ತದೋ ಅಷ್ಟೇ ಒಪ್ಪಿಕೊಳ್ಳಿ. ಉಳಿದವರಿಗೆ 'ಜಾತ್ರೆ ಕಳೆದ ಮೇಲೆ ಬರ್ತೀನಿ' ಅನ್ನಿ, ಜಾತ್ರೆ ಮುಗಿದ ವಾರವೇ ಹೋಗಿ ನಿಲ್ಲಿ.

ಬಾತ್‌ರೂಮಿನಲ್ಲಿ ಆತುರ ಬೇಡ. ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆದು, ಒಣಗಿಸಿ, ನೀರು ನಿಲ್ಲಿಸಿ ಎರಡು ದಿನ ಬಿಡಿ. ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ, ಕೆಳಗಿನ ಸೀಲಿಂಗ್ ನೋಡಿ. ಆಮೇಲೆ ಟೈಲ್ಸ್. ಮನೆಯವರು 'ಸ್ನಾನಕ್ಕೆ ಪಕ್ಕದ ಮನೆಗೆ ಹೋಗ್ತಿದ್ದೀವಿ, ಬೇಗ ಮುಗಿಸಿ' ಅಂತ ಅವಸರ ಮಾಡುತ್ತಾರೆ. ಅವರದೂ ತಪ್ಪಲ್ಲ. ಅದಕ್ಕೇ ಎರಡು ಬಾತ್‌ರೂಮ್ ಇದ್ದರೆ ಒಂದು ಮುಗಿಯದೆ ಇನ್ನೊಂದನ್ನು ಮುಟ್ಟುವುದಿಲ್ಲ. ಸಿಮೆಂಟ್ ಕೆಲಸಕ್ಕೆ ಕಡಿಮೆ ಅಂದರೂ 7 ದಿನ ನೀರುಣಿಸಬೇಕು, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 10 ದಿನ. ಅದಕ್ಕೆ ಬೇಕಾದ ನೀರನ್ನು ನಲ್ಲಿ ಬಂದ ದಿನವೇ ಡ್ರಮ್ಮಿಗೆ ಹಿಡಿದಿಡಿ. ಮನೆಯವರ ಕುಡಿಯುವ ನೀರಿಗೆ ಕೈ ಹಾಕಬೇಡಿ. ಸಂಜೆ ಹೊರಡುವ ಮುಂಚೆ ಅಡುಗೆಮನೆ ತನಕ ದಾರಿ ಗುಡಿಸಿ ಕೊಡಿ.

ಆಳುಗಳ ವಿಷಯ. ಶನಿವಾರ ಸಂಜೆ ಬಟವಾಡೆ ಅಂದರೆ ಶನಿವಾರ ಸಂಜೆಯೇ. ಓನರ್ ಕೊಡಲಿ ಬಿಡಲಿ, ಒಂದು ವಾರದ ಕೂಲಿಯಷ್ಟು ದುಡ್ಡು ಬೇರೆ ಇಟ್ಟಿರಬೇಕು. ಇನ್ನೊಂದು, ಅವರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅಷ್ಟು ದಿನ ಕೆಲಸ ಮಾಡಿದ್ದಾರೆ ಅನ್ನುವ ಸರ್ಟಿಫಿಕೇಟಿಗೆ ಸಹಿ ಹಾಕಲು ಸತಾಯಿಸಬೇಡಿ. ನಿಮ್ಮ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು. ಅದನ್ನು ಆಡಿಟರ್ ನೋಡಿಕೊಳ್ಳುತ್ತಾರೆ, ಬಿಲ್ಲುಗಳನ್ನು ಮಾತ್ರ ನೀವು ಇಟ್ಟಿರಬೇಕು.

ಮೊದಮೊದಲು ದೊಡ್ಡ ಕೆಲಸ ಸಿಗುವುದಿಲ್ಲ. ಸೋರುವ ಸಜ್ಜಾ, ಒಡೆದ ಸಿಂಕು, ಒಂದೇ ಒಂದು ಬಾಗಿಲು, ಇಂಥವೇ ಬರುತ್ತವೆ. ಅವನ್ನೂ ಎಸ್ಟಿಮೇಟ್ ಬರೆದೇ ಮಾಡಿ. ಮಳೆಗಾಲ ಶುರುವಾದಾಗ, ವಾಟರ್‌ಪ್ರೂಫಿಂಗ್ ಮಾಡಿದ ಮನೆಗಳಿಗೆಲ್ಲ ಕರೆಯದೆಯೇ ಹೋಗಿ ತಾರಸಿ ನೋಡಿಕೊಂಡು ಬನ್ನಿ. ಟೈಲ್ಸ್, ಪ್ಲಾಸ್ಟರ್ ಮುಚ್ಚುವ ಮೊದಲು ಪೈಪು, ವೈರು ಹೋದ ದಾರಿಯ ಪಕ್ಕ ಅಳತೆ ಟೇಪು ಹಿಡಿದು ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ, ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಮುಂದೆ ಗೋಡೆಗೆ ಮೊಳೆ ಹೊಡೆಯುವ ಮುಂಚೆ 'ಇಲ್ಲಿ ಪೈಪ್ ಇದೆಯಾ' ಅಂತ ಫೋನ್ ಬರುತ್ತದೆ. ಆ ಫೋನ್ ಎತ್ತಿ.